ಪೆಪ್ಟೈಡ್ ಸೀರಮ್ ಹಚ್ಚಿದರೆ ತೆಳ್ಳಗಾದ ಕೂದಲು ಮತ್ತೆ ಬರುತ್ತಾ?

ಆರು ತಿಂಗಳಿಂದ ಬೈತಲೆ ಅಗಲ ಆಗುತ್ತಿದೆ, 1,400 ರೂಪಾಯಿ ಕೊಟ್ಟು ಪೆಪ್ಟೈಡ್ ಸೀರಮ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡು ಬಾಟಲಿ ಖಾಲಿ ಮಾಡಿದವಳು ನಾನು, ಹೇಳುತ್ತೇನೆ ಕೇಳಿ.

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಎರಡು ವರ್ಷದ ಹಿಂದೆ ನನಗೆ ಡೆಂಗೆ ಬಂದಿತ್ತು. ವಾಸಿಯಾಗಿ ಎರಡೂವರೆ ತಿಂಗಳಿಗೆ ಕೂದಲು ಉದುರಲು ಶುರುವಾಯಿತು. ತಲೆ ತೊಳೆದರೆ ಬಚ್ಚಲ ಜಾಲಿಯಲ್ಲಿ ನಿಂಬೆಹಣ್ಣಿನಷ್ಟು ಉಂಡೆ. ನಮ್ಮತ್ತೆ ಬೋರ್ ನೀರನ್ನು ಬೈದರು. ಬಕೆಟ್ಟಿಗೆ ಬಿಳಿ ಕಟ್ಟುವ ಆ ನೀರಿಂದ ಕೂದಲು ಒರಟಾಗಿ ತುಂಡಾಗಬಹುದು, ಆದರೆ ನನ್ನದು ಬುಡದಿಂದಲೇ ಬರುತ್ತಿತ್ತು. ಹೆದರಿ ಕಾಪರ್ ಪೆಪ್ಟೈಡ್ ಸೀರಮ್ ತರಿಸಿದೆ. ತೆಳು ನೀಲಿ ಬಣ್ಣ. ದಿನಾ ರಾತ್ರಿ ಬೈತಲೆಗೆ ಹನಿ ಹನಿ ಬಿಟ್ಟು ಬೆರಳಲ್ಲಿ ತಿಕ್ಕಿದೆ. ನಾಲ್ಕನೇ ತಿಂಗಳಿಗೆ ಹಣೆಯಂಚಲ್ಲಿ ಪುಟ್ಟ ಪುಟ್ಟ ಕೂದಲು ಎದ್ದವು! ಖುಷಿಗೆ ಓಣಿಯ ಮೂವರಿಗೂ ತರಿಸಿಕೊಟ್ಟೆ.

ಆಮೇಲೆ ಬೇರೆ ಏನಕ್ಕೋ ಚರ್ಮದ ಡಾಕ್ಟರ ಹತ್ತಿರ ಹೋದಾಗ ಇದನ್ನು ಹೇಳಿದೆ. ಅವರು ನಕ್ಕುಬಿಟ್ಟರು. ಜೋರು ಜ್ವರ, ಹೆರಿಗೆ, ಆಪರೇಷನ್ ಆದ ಮೇಲೆ ಎಷ್ಟೋ ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿ, ಎರಡು ಮೂರು ತಿಂಗಳಿಗೆ ಉದುರುತ್ತವಂತೆ. ಆಮೇಲೆ ಸಾಮಾನ್ಯವಾಗಿ ತಾವಾಗಿಯೇ ಬರುತ್ತವಂತೆ. ಅಂದರೆ ಸುಮ್ನೆ ಇದ್ದಿದ್ದರೂ ಬರುತ್ತಿತ್ತು! ಆ ಮೂವರು ಎದುರಿಗೆ ಸಿಕ್ಕರೆ ಈಗಲೂ ನಾಚಿಕೆ.

ಹಾಗಂತ ಪೆಪ್ಟೈಡ್ ಪೂರ್ತಿ ಮೋಸ ಅಂತ ಹೇಳಲ್ಲ. ಅದು ಅಮೈನೋ ಆಮ್ಲಗಳ ಚಿಕ್ಕ ಸರ. ಕಾಪರ್ ಪೆಪ್ಟೈಡ್‌ನಲ್ಲಿ ಇರುವುದು ಮೂರೇ ಮಣಿ, ಜೊತೆಗೆ ತಾಮ್ರ. ಮನುಷ್ಯರ ರಕ್ತದಲ್ಲೇ ಇರುವ ವಸ್ತು, 1973ರಲ್ಲಿ ಗುರುತಿಸಿದರು. ಆದರೆ ತಲೆಗೂದಲ ಮೇಲೆ ಮಾಡಿರುವ ಪರೀಕ್ಷೆಗಳು ಚಿಕ್ಕವು, ಅದರಲ್ಲಿ ಎಷ್ಟೋ ಮಾರುವ ಕಂಪನಿಗಳೇ ಮಾಡಿಸಿದ್ದು. ತಗೊಳ್ಳಲೇಬೇಕು ಅಂದರೆ ಲೇಬಲ್ ಓದಿ. ಕಾಪರ್ ಟ್ರೈಪೆಪ್ಟೈಡ್-1, ಅಸಿಟೈಲ್ ಟೆಟ್ರಾಪೆಪ್ಟೈಡ್-3 ಇಂಥ ಹೆಸರು ಇರಬೇಕು. ಪಕ್ಕದಲ್ಲೇ ಇಟ್ಟು ಮಾರುವ ರೆಡೆನ್ಸಿಲ್ ಅನ್ನೋ ಇನ್ನೊಂದು ಕೂದಲ ಸೀರಮ್ ಪೆಪ್ಟೈಡೇ ಅಲ್ಲ. ಪೆಪ್ಟೈಡ್ ಶಾಂಪೂ ಅಂತೂ ಬೇಡ, ಎರಡು ನಿಮಿಷಕ್ಕೆ ತೊಳೆದು ಹೋಗುವುದಕ್ಕೆ ಅಷ್ಟು ದುಡ್ಡಾ?

ನೀವು ಜ್ವರ, ಹೆರಿಗೆ ಏನೂ ಆಗಿಲ್ಲ ಅಂದಿದ್ದೀರಿ. ಬೈತಲೆ ಮಾತ್ರ ನಿಧಾನಕ್ಕೆ ಅಗಲ ಆಗುವುದು ಬೇರೆ ಥರದ್ದು, ಅದು ಕಾಯುತ್ತಾ ಕೂತರೆ ಹೋಗಲ್ಲ. ಮೊದಲು ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಫೆರಿಟಿನ್ (ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಲು ಹೇಳಬಹುದು. ಹೀಗೆ ಬೈತಲೆ ಅಗಲ ಆಗುವುದಕ್ಕೆ ಗಟ್ಟಿ ಪುರಾವೆ ಇರುವ ಔಷಧ ಮಿನಾಕ್ಸಿಡಿಲ್. ಮೊದಲು ಅದು ಬಿಪಿ ಮಾತ್ರೆ. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬೆಳೆದಾಗ ತಲೆಗೆ ಹಚ್ಚುವ ಯೋಚನೆ ಬಂತು. ಶುರುವಿನ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು, ಹೆದರಬೇಡಿ. ಹಚ್ಚುವುದು ಬಿಟ್ಟರೆ ಬಂದದ್ದೂ ಹೋಗುತ್ತದೆ. ಬಸುರಿ, ಬಾಣಂತಿಯರು ಮುಟ್ಟಬಾರದು.

ಏನೇ ಹಚ್ಚಿ, ಇವತ್ತೇ ಕಿಟಕಿ ಪಕ್ಕ ನಿಂತು ಬೈತಲೆಯ ಒಂದು ಫೋಟೊ ತೆಗೆಸಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು 1 ಸೆಂ.ಮೀ., ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗಲ್ಲ.