ಎರೆ ಮಣ್ಣಿನ ಇಟ್ಟಂಗಿಗೆ ಸುಣ್ಣ ಬೇಡ, ಮರಳು ಬೆರೆಸಿ

ಅಕ್ಕಲಕೋಟದ ಅಣ್ಣಾವ್ರೆ, ಎರೆ ಮಣ್ಣಿನ ಹಸಿ ಇಟ್ಟಂಗಿ ನೆರಳಲ್ಲಿಟ್ಟರೂ ಸೀಳತಾವ, ಸುಣ್ಣ ಬೆರೆಸಲೇ ಅಂತ ಕೇಳೀರಿ. ದಯವಿಟ್ಟು ಬೇಡ್ರಿ. ಎರೆಯಲ್ಲಿ ಮೊದಲೇ ಸುಣ್ಣದ ಹರಳು ಇರತಾವ. ಭಟ್ಟಿಯಲ್ಲಿ ಅವು ಸುಟ್ಟ ಸುಣ್ಣ ಆಗಿ, ಆಮೇಲೆ ತೇವ ಹೀರಿ ಉಬ್ಬತಾವ. ಇಟ್ಟಂಗಿ ಮೈಯಿಂದ ಚಕ್ಕೆ ಹಾರಿ, ಕುಳಿಯ ನಡುವೆ ಬಿಳಿ ಚುಕ್ಕೆ ಕಾಣ್ತದಲ್ಲ, ಅದೇ ಇದು. ಮಣ್ಣು ಜರಡಿ ಹಿಡಿದು ಹರಳು ತೆಗೀರಿ.

ಸೀಳಲಿಕ್ಕೆ ಕಾರಣ ಮಣ್ಣಿನೊಳಗಿನ ಮಾಂಟ್‌ಮೊರಿಲೊನೈಟ್ ಖನಿಜ. ನೀರು ಕುಡಿದರೆ ಹಿಗ್ಗತದ, ಒಣಗಿದರೆ ಕುಗ್ಗತದ. ಮರಳು, ಇಲ್ಲಾ ಒಡಕು ಇಟ್ಟಂಗಿಯ ಪುಡಿ ಬೆರೆಸಿದರೆ ಕುಗ್ಗೋದು ಕಡಿಮೆ ಆಗ್ತದ. ಇಟ್ಟಂಗಿ ಮಣ್ಣಿನಲ್ಲಿ ಶೇ. 35ರಿಂದ 50 ಮರಳು ಇರಲಿ ಅಂತದ ಕೈ ಇಟ್ಟಂಗಿ ತಯಾರಿಕೆಯ ಭಾರತೀಯ ಮಾನಕ ಐಎಸ್ 2117. ಅದಕ್ಕಿಂತ ಹೆಚ್ಚಾದರೆ ಅಂಚು ಉದುರತಾವ. ಬೇರೆ ಬೇರೆ ಪ್ರಮಾಣದಾಗ ನಾಕಾರು ಇಟ್ಟಂಗಿ ಕೊಯ್ದು, ಒಣಗಿಸಿ, ಸುಟ್ಟು ನೋಡಿದ ಮೇಲೇ ಭಟ್ಟಿ ಹೂಡ್ರಿ.