ಆರು ತಿಂಗಳ ಕೆಲಸಕ್ಕೆ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಬೇಡಿ

ನಾನೂ ಹಾವೇರಿ ಜಿಲ್ಲೆಯವನೇ. ಹೀಗೇ ಕಾಂಟ್ರಾಕ್ಟ್ ಕೆಲಸ ಹಿಡಿದು ಬೆಂಗಳೂರಿಗೆ ಬಂದವನು, ಹಾಗಾಗಿ ನಿಮ್ಮ ಲೆಕ್ಕಾಚಾರ ಎಲ್ಲಿಂದ ಹುಟ್ಟಿದೆ ಅಂತ ಗೊತ್ತು. ರಾಣೆಬೆನ್ನೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಆರು ತಿಂಗಳ ಕೆಲಸ, ಸಂಬಳ 26,000, ಮುಂದೆ ಎಕ್ಸ್‌ಟೆಂಡ್ ಆಗುತ್ತೆ ಅಂತ ಬಾಯಿಮಾತು; ಪಿಜಿಗೆ ದುಡ್ಡು ಸುರಿಯೋ ಬದಲು ಒಂದು ಸಣ್ಣ ಮನೆ ಮಾಡಿದರೆ ಲಾಭ ಅಲ್ವಾ, ಯಾವ ಏರಿಯಾ ಅಗ್ಗ, ಬೈಕ್ ತರಲಾ ಅಂತ ಕೇಳಿದ್ದೀರಿ.

ಅಗ್ಗದ ಏರಿಯಾ ಹುಡುಕೋದನ್ನ ಮೊದಲು ಬಿಡಿ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಕೆಲಸ ನಾಳೆ ನಿಂತರೆ ಎಷ್ಟು ದಿನದಲ್ಲಿ, ಎಷ್ಟು ದುಡ್ಡು ಕಳೆದುಕೊಂಡು ನಾನು ಊರಿಗೆ ವಾಪಸ್ ಹೋಗಬಹುದು? ತಾತ್ಕಾಲಿಕ ಕೆಲಸಕ್ಕೆ ಬಂದವರು ಮುಳುಗೋದು ಹೆಚ್ಚಾಗಿ ಒಂದೇ ಕಡೆ. ಕೆಲಸ ಆರು ತಿಂಗಳದ್ದು, ಮನೆ ಕರಾರು ಹನ್ನೊಂದು ತಿಂಗಳದ್ದು. ಇದನ್ನ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದ್ರೆ ಸಹಿ ಹಾಕೋ ದಿನ ಇದು ಯಾರ ಕಣ್ಣಿಗೂ ಬೀಳಲ್ಲ.

ಹನ್ನೊಂದು ತಿಂಗಳೇ ಯಾಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಎಲ್ಲರೂ 11 ತಿಂಗಳಿಗೆ ಬರೆಸ್ತಾರೆ. ಓನರ್ ಹತ್ತಿರ ಮೊದಲೇ ಟೈಪ್ ಮಾಡಿದ ಒಂದು ನಮೂನೆ ಇರುತ್ತೆ, ಹೆಸರು, ಬಾಡಿಗೆ, ತಾರೀಖು ಮಾತ್ರ ಬದಲಾಗುತ್ತೆ. ಅದರ ಮೂರನೇ ಪುಟದಲ್ಲಿ ಎಲ್ಲೋ ‘ಲಾಕ್-ಇನ್’ ಅಂತ ಒಂದು ಸಾಲು ಕೂತಿರುತ್ತೆ. ಅಷ್ಟು ತಿಂಗಳ ಒಳಗೆ ನೀವು ಖಾಲಿ ಮಾಡಿದರೂ ಬಾಕಿ ಬಾಡಿಗೆ ನಿಮ್ಮದೇ ಅಂತ ಅದರ ಅರ್ಥ. ಅದರ ಕೆಳಗೆ ಒಂದೋ ಎರಡೋ ತಿಂಗಳ ನೋಟಿಸ್, ಆಮೇಲೆ ಪೇಂಟಿಂಗ್ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಕಡಿತ.

ಅಂಕಿ ಇಟ್ಟು ನೋಡಿ. ಒಂದು ಸಿಂಗಲ್ ಬೆಡ್‌ರೂಮ್ ಮನೆ, ಬಾಡಿಗೆ 12,000, ಐದು ತಿಂಗಳ ಅಡ್ವಾನ್ಸ್ 60,000 ಅಂದುಕೊಳ್ಳಿ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 12,000. ಮೊದಲ ತಿಂಗಳ ಬಾಡಿಗೆ 12,000. ಒಲೆ, ಸಿಲಿಂಡರ್, ಹಾಸಿಗೆ, ಪಾತ್ರೆ, ಬಕೆಟ್, ಫ್ಯಾನು ಅಂತ 15,000. ಬೀಗದ ಕೈ ಸಿಗೋ ಹೊತ್ತಿಗೆ 99,000 ಹೊರಗೆ ಹೋಗಿರುತ್ತೆ, ಒಂದು ದಿನದ ಸಂಬಳವೂ ಬಂದಿರಲ್ಲ. ಈ ದುಡ್ಡು ಸಾಮಾನ್ಯವಾಗಿ ಅಪ್ಪನ ಹತ್ತಿರ ಇಲ್ಲವೇ ಸೊಸೈಟಿ ಸಾಲದಿಂದ ಬಂದದ್ದು.

ಎಲ್ಲಾ ಸರಿಯಾಗಿಯೇ ನಡೀತು ಅಂತಿಟ್ಟುಕೊಳ್ಳಿ, ಆರು ತಿಂಗಳು ಪೂರ್ತಿ ಕೆಲಸ ಮಾಡಿದಿರಿ, ಲಾಕ್-ಇನ್ ಆರು ತಿಂಗಳದ್ದೇ ಇತ್ತು. ಬಾಡಿಗೆ 72,000, ಮೆಂಟೆನೆನ್ಸ್ ತಿಂಗಳಿಗೆ ಸಾವಿರದಂತೆ 6,000, ಬ್ರೋಕರ್ 12,000, ಪೇಂಟಿಂಗ್ 12,000, ಸಾಮಾನು ಮಾರಿದ ಮೇಲೆ ನಷ್ಟ 10,000. ಒಟ್ಟು 1,12,000. ತಿಂಗಳಿಗೆ 18,600 ದಾಟಿತು. ಊಟ, ಕರೆಂಟು ಇದರಲ್ಲಿ ಸೇರಿಲ್ಲ. ಇಬ್ಬರ ಶೇರಿಂಗ್ ಪಿಜಿ ಊಟ ಸೇರಿ 9,000 ಅಂದರೂ ಆರು ತಿಂಗಳಿಗೆ 54,000, ಬಿಡುವಾಗ 2,000 ಕಡಿತ ಅಂದುಕೊಂಡರೆ 56,000. ಸರಿಯಾಗಿ ಅರ್ಧ. ‘ಮನೆ ಮಾಡಿದರೆ ಲಾಭ’ ಅನ್ನೋದು ಎರಡು-ಮೂರು ವರ್ಷ ಇರುವವರ ಲೆಕ್ಕ, ಅಥವಾ ಬಾಡಿಗೆ ಹಂಚಿಕೊಳ್ಳೋಕೆ ಇನ್ನಿಬ್ಬರು ಇದ್ದಾಗಿನ ಲೆಕ್ಕ.

ಈಗ ಪ್ರಾಜೆಕ್ಟ್ ನಾಲ್ಕನೇ ತಿಂಗಳಿಗೇ ನಿಂತಿತು ಅಂದುಕೊಳ್ಳಿ. ಲಾಕ್-ಇನ್ ಬಾಕಿ ಎರಡು ತಿಂಗಳು 24,000, ಪೇಂಟಿಂಗ್ 12,000. ಅರವತ್ತು ಸಾವಿರದಲ್ಲಿ ವಾಪಸ್ ಬರೋದು 24,000. ಲಾಕ್-ಇನ್ ಪೂರ್ತಿ ಹನ್ನೊಂದು ತಿಂಗಳಿಗೆ ಬರೆದಿದ್ದರೆ ಏಳು ತಿಂಗಳ ಬಾಕಿಗೆ ಅಡ್ವಾನ್ಸ್ ಪೂರ್ತಿ ನುಂಗಿಹೋಗುತ್ತೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಕಾನೂನಿದೆ ಅಂತ ಯಾರಾದರೂ ಹೇಳಿದರೆ ಅದನ್ನ ನಂಬಿ ಕೂರಬೇಡಿ. ಅವರು ಹೇಳ್ತಿರೋದು 2021ರಲ್ಲಿ ಕೇಂದ್ರ ಹೊರತಂದ ಮಾದರಿ ಬಾಡಿಗೆ ಕಾಯ್ದೆ. ಅದು ಮಾದರಿ ಮಾತ್ರ, ರಾಜ್ಯ ಅದನ್ನ ಅಳವಡಿಸಿಕೊಂಡಾಗಲೇ ಲಾಗೂ ಆಗೋದು.

ಅಣ್ಣನೋ ಗೆಳೆಯನೋ ಜೊತೆಗಿದ್ದು ಮನೆಯೇ ಮಾಡಬೇಕು ಅನ್ನೋ ಪರಿಸ್ಥಿತಿ ಇದ್ದರೆ, ಸ್ಟ್ಯಾಂಪ್ ಪೇಪರ್ ಪ್ರಿಂಟ್ ಆಗೋ ಮುಂಚೆ ಡ್ರಾಫ್ಟ್ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಲಾಕ್-ಇನ್ ಸಾಲು ತೆಗೆಸಿ. ಅದರ ಜಾಗದಲ್ಲಿ ಹೀಗೆ ಬರೆಸಿ: ‘ಬಾಡಿಗೆದಾರರು 30 ದಿನ ಮುಂಚಿತವಾಗಿ ಲಿಖಿತವಾಗಿ ಅಥವಾ ವಾಟ್ಸಾಪ್ ಮೂಲಕ ತಿಳಿಸಿ ಯಾವಾಗ ಬೇಕಾದರೂ ಮನೆ ಖಾಲಿ ಮಾಡಬಹುದು, ಬೀಗದ ಕೈ ಒಪ್ಪಿಸಿದ ದಿನವೇ ಮಾಲೀಕರು ಮುಂಗಡ ಹಣ ಹಿಂತಿರುಗಿಸತಕ್ಕದ್ದು.’ ಪೇಂಟಿಂಗ್ ಕಡಿತಕ್ಕೆ ರೂಪಾಯಿ ಲೆಕ್ಕದಲ್ಲಿ ಮಿತಿ ಹಾಕಿಸಿ. ಒಪ್ಪದ ಓನರ್ ಮನೆ ಬೇಡ. ಬಾಯಲ್ಲಿ ‘ಅದೆಲ್ಲಾ ಫಾರ್ಮಾಲಿಟಿ, ನಾನು ಅಡ್ಜಸ್ಟ್ ಮಾಡ್ತೀನಿ’ ಅಂದವರು ಖಾಲಿ ಮಾಡೋ ದಿನ ಆ ಕಾಗದವನ್ನೇ ಮುಂದಿಡ್ತಾರೆ. ಮನೆಗೆ ಹೋದ ದಿನ ಗೋಡೆ, ನಲ್ಲಿ, ಸ್ವಿಚ್ ಬೋರ್ಡ್, ಮೀಟರ್ ರೀಡಿಂಗ್ ಎಲ್ಲದರ ವಿಡಿಯೋ ತೆಗೆದು ಅವತ್ತೇ ಓನರ್‌ಗೆ ಕಳಿಸಿ. ಗ್ಯಾಸ್‌ಗೆ ಐದು ಕೆಜಿಯ ಸಣ್ಣ ಸಿಲಿಂಡರ್ ಸಾಕು, ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಇದ್ದರೆ ಕೊಡ್ತಾರೆ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ. ಆದರೆ ಹಿಂದಿದ್ದವರು ಆ ಮೀಟರ್‌ನಿಂದ ತಮ್ಮ ಆಧಾರ್ ಡಿ-ಲಿಂಕ್ ಮಾಡಿದ್ದಾರಾ ಅಂತ ಮೊದಲು ಕೇಳಿ, ನೀವು ಬಿಡುವಾಗಲೂ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅದನ್ನ ಮಾಡಿ ಹೋಗಿ.

ನಿಮ್ಮ ವಿಷಯದಲ್ಲಿ ಪಿಜಿಯೇ ಸರಿ, ನನಗೆ ಅನುಮಾನವಿಲ್ಲ. ಆದರೆ ರಾಣೆಬೆನ್ನೂರಿನಲ್ಲಿ ಕೂತು ಫೋಟೋ ನೋಡಿ ಟೋಕನ್ ಹಾಕಬೇಡಿ. ಮೊದಲ ವಾರ ದಿನದ ಲೆಕ್ಕದಲ್ಲಿ ಕೊಡೋ ಪಿಜಿಯಲ್ಲಿ ಇರಿ. ಕಂಪನಿ ಐಡಿ ಕಾರ್ಡ್ ಕೈಗೆ ಬರಲಿ, ಕೂರಬೇಕಾದ ಕಟ್ಟಡ ಯಾವುದು, ಶಿಫ್ಟ್ ಯಾವುದು ಅಂತ ಖಚಿತವಾಗಲಿ, ಆಮೇಲೆ ತಿಂಗಳ ಪಿಜಿ ಹುಡುಕಿ. ಎಲೆಕ್ಟ್ರಾನಿಕ್ ಸಿಟಿ ಅಂದರೂ ಫೇಸ್ ಒಂದು ಬೇರೆ, ಫೇಸ್ ಎರಡು ಬೇರೆ. ನೀಲಾದ್ರಿ ರಸ್ತೆ, ದೊಡ್ಡತೋಗೂರು, ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಎಲ್ಲಾ ಕಡೆ ಪಿಜಿಗಳಿವೆ. ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರದ್ದು ಸಾವಿರ ರೂಪಾಯಿ ಜಾಸ್ತಿ ಆದರೂ ಅದನ್ನೇ ಹಿಡೀರಿ. ದೂರದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹೋದರೆ ಉಳಿಸಿದ್ದು ಓಡಾಟಕ್ಕೆ ಹೋಗುತ್ತೆ. 2025ರ ಫೆಬ್ರವರಿಯಲ್ಲಿ ಏರಿಸಿದ ಮೇಲೆ ಮೆಟ್ರೋದ ಗರಿಷ್ಠ ದರ 90 ರೂಪಾಯಿ, ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸು ಆ ವರ್ಷದ ಜನವರಿಯಿಂದ 1,200.

ಪಿಜಿಯನ್ನ ಎರಡು ಹೊತ್ತು ನೋಡಿ. ಬೆಳಿಗ್ಗೆ ಎಂಟಕ್ಕೆ ಹೋದರೆ ಮೇಲಿನ ಮಹಡಿಗೆ ನೀರು ಬರುತ್ತಾ, ಬಾತ್‌ರೂಮಿಗೆ ಎಷ್ಟು ಜನ ಸಾಲು ನಿಂತಿದ್ದಾರೆ ಅಂತ ತಿಳಿಯುತ್ತೆ. ರಾತ್ರಿ ಒಂಬತ್ತಕ್ಕೆ ಹೋದರೆ ಊಟ ಉಳಿದಿದೆಯಾ ಅಂತ ತಿಳಿಯುತ್ತೆ. ಏಳೂವರೆಗೆ ಬಡಿಸೋಕೆ ಶುರು ಮಾಡಿ ಒಂಬತ್ತಕ್ಕೆ ಪಾತ್ರೆ ಖಾಲಿಯಾಗೋ ಕಡೆ ಎರಡನೇ ಶಿಫ್ಟಿನವರು ದಿನಾ ಹೊರಗೆ ದುಡ್ಡು ಕೊಟ್ಟು ತಿನ್ನಬೇಕು. ಜೋಳದ ರೊಟ್ಟಿಯ ಆಸೆ ಇಟ್ಟುಕೊಳ್ಳಬೇಡಿ. ಅನ್ನ, ಸಾಂಬಾರು, ಚಪಾತಿ ಇಷ್ಟೇ. ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ ಕೇಳಿ. ಬೇಸಿಗೆಯಲ್ಲಿ ಇದೇ ದೊಡ್ಡ ವಿಷಯ. ಕಿಟಕಿ ಹೊರಗೆ ತೆರೆಯುತ್ತಾ, ಇಲ್ಲಾ ಪಕ್ಕದ ಗೋಡೆಗೆ ತಾಗುತ್ತಾ ನೋಡಿ. ಕಬೋರ್ಡಿಗೆ ನಿಮ್ಮದೇ ಬೀಗ ಹಾಕೋ ಚಿಲಕ ಇರಲಿ.

ದುಡ್ಡು ಕೊಡೋ ಮುಂಚೆ ನಾಲ್ಕು ವಿಷಯ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ: ಅಡ್ವಾನ್ಸ್ ಎಷ್ಟು, ಬಿಡುವಾಗ ಅದರಲ್ಲಿ ಎಷ್ಟು ಹಿಡೀತಾರೆ, ನೋಟಿಸ್ 15 ದಿನವೋ 30 ದಿನವೋ, ಬಾಡಿಗೆ ಒಂದನೇ ತಾರೀಖಿನಿಂದ ಲೆಕ್ಕವೋ ನೀವು ಸೇರಿದ ದಿನದಿಂದಲೋ. ಈ ಕೊನೆಯದನ್ನ ಕೇಳದೆ 20ನೇ ತಾರೀಖು ಸೇರಿ ಪೂರ್ತಿ ತಿಂಗಳದ್ದು ಕಟ್ಟಿದವರು ತುಂಬಾ ಜನ. ಇನ್ನೊಂದು, ಆನ್‌ಲೈನ್ ಜಾಹೀರಾತು ನೋಡಿ ಫೋನ್ ಮಾಡಿದಾಗ ‘ಕ್ಯೂಆರ್ ಕಳಿಸ್ತೀನಿ, ಒಂದು ರೂಪಾಯಿ ಹಾಕಿ ನೋಡಿ, ವಾಪಸ್ ಬರುತ್ತೆ’ ಅಂದರೆ ಫೋನ್ ಇಡಿ. ದುಡ್ಡು ಬರೋಕೆ ಯುಪಿಐ ಪಿನ್ ಬೇಕಾಗಿಲ್ಲ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಆ 26,000. ಅದು ಸಿಟಿಸಿಯೋ (ಕಂಪನಿ ಪಾಲಿನ ಪಿಎಫ್ ಎಲ್ಲಾ ಸೇರಿದ ಒಟ್ಟು ಖರ್ಚು) ಗ್ರಾಸ್ ಸಂಬಳವೋ (ನಿಮ್ಮ ಕಡಿತಗಳಿಗೆ ಮುಂಚಿನದು) ಕೇಳಿದ್ದೀರಾ? ಕಾಂಟ್ರಾಕ್ಟ್ ಕೆಲಸದಲ್ಲಿ ನೀವು ಕೂರೋದು ದೊಡ್ಡ ಕಂಪನಿಯ ಕಟ್ಟಡದಲ್ಲಿ, ಸಂಬಳ ಕೊಡೋದು ಮಧ್ಯದ ಏಜೆನ್ಸಿ. ಅವರು ಹೇಳೋದು ಹೆಚ್ಚಾಗಿ ಸಿಟಿಸಿ. ಬೇಸಿಕ್ 15,000 ಅಂದುಕೊಂಡರೆ ಕಂಪನಿ ಪಾಲಿನ ಪಿಎಫ್ ಮತ್ತು ಅದರ ಆಡಳಿತ ಶುಲ್ಕ, ವಿಮೆ ಸೇರಿ 13 ಪರ್ಸೆಂಟ್, ಅಂದರೆ 1,950 ಮೊದಲೇ ಹೋಯಿತು. ಗ್ರಾಸ್ ಉಳಿದದ್ದು 24,050. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800. ಇಎಸ್ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಕಡಿತ ಇಲ್ಲದಿದ್ದರೆ ಕೈಗೆ 22,250. ಗ್ರಾಸ್ 25,000 ಮುಟ್ಟದ ಕಾರಣ ವೃತ್ತಿ ತೆರಿಗೆ ಇಲ್ಲ. ಇಎಸ್ಐ ಇದೆಯಾ ಇಲ್ಲವಾ ಅಂತ ಖಚಿತ ಮಾಡಿಕೊಳ್ಳಿ. ಇಎಸ್ಐ ಇಲ್ಲ ಅಂದರೆ ಆಸ್ಪತ್ರೆ ಖರ್ಚಿಗೆ ಏನಿದೆ ಅಂತ ಏಜೆನ್ಸಿಯನ್ನ ಕೇಳಿ. ಗುಂಪು ವಿಮೆ ಇದ್ದರೆ ಕಾರ್ಡ್ ಮೊದಲ ತಿಂಗಳೇ ತೆಗೆದುಕೊಳ್ಳಿ. ಹಳೇ ಯುಎಎನ್ (ಪಿಎಫ್‌ನ ಸದಸ್ಯ ಸಂಖ್ಯೆ) ಇದ್ದರೆ ಅದನ್ನೇ ಕೊಡಿ, ಹೊಸದು ಮಾಡಿಸಬೇಡಿ.

ಮೊದಲ ಸಂಬಳ ಮೊದಲ ತಿಂಗಳೇ ಬರುತ್ತೆ ಅಂತಲೂ ಅಂದುಕೊಳ್ಳಬೇಡಿ. ಎಷ್ಟೋ ಏಜೆನ್ಸಿಗಳು 20 ಅಥವಾ 25ಕ್ಕೆ ಹಾಜರಿ ಲೆಕ್ಕ ಮುಚ್ಚುತ್ತವೆ. ಅದಾದ ಮೇಲೆ ಸೇರಿದವರ ಸಂಬಳ ಮುಂದಿನ ತಿಂಗಳ ಕೊನೆಗೆ. ಪಿಜಿ ಅಡ್ವಾನ್ಸ್ 9,000, ಎರಡು ತಿಂಗಳ ಬಾಡಿಗೆ 18,000, ಕೈಖರ್ಚು 8,000, ಒಟ್ಟು 35,000 ಇಟ್ಟುಕೊಂಡು ಬನ್ನಿ. ಮನೆಗೆ ಬೇಕಾದ ಒಂದು ಲಕ್ಷದ ಮುಂದೆ ಇದು ಎಷ್ಟು ಅಂತ ನೀವೇ ನೋಡಿ.

ಆಫರ್ ಲೆಟರ್‌ನಲ್ಲಿ ನೋಟಿಸ್ ಷರತ್ತನ್ನ ಎರಡೂ ಕಡೆಯಿಂದ ಓದಿ. ನೀವು ಬಿಡೋಕೆ 30 ದಿನ ಅಂತಿರುತ್ತೆ, ಅವರು ತೆಗೆಯೋಕೆ ‘ಪ್ರಾಜೆಕ್ಟ್ ಅಗತ್ಯಕ್ಕೆ ತಕ್ಕಂತೆ’ ಅಂತಿರುತ್ತೆ. ಕಾಗದದಲ್ಲಿ ಆರು ತಿಂಗಳು ಇದ್ದರೆ ಆರು ತಿಂಗಳನ್ನೇ ನಂಬಿ. ಎಚ್‌ಆರ್ ಬಾಯಲ್ಲಿ ಹೇಳಿದ ಎಕ್ಸ್‌ಟೆನ್ಶನ್ ಮೇಲೆ ಒಂದು ರೂಪಾಯಿ ಖರ್ಚನ್ನೂ ಕಟ್ಟಬೇಡಿ. ಅಂಕಪಟ್ಟಿಯ ಅಸಲು ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೇನಿಂಗ್ ಫೀಸ್ ಅಂತ ದುಡ್ಡು ಕೇಳೋ ಕೆಲಸ ಕೆಲಸವೇ ಅಲ್ಲ, ಟಿಕೆಟ್ ಕೂಡ ತೆಗೆಸಬೇಡಿ. ಆಧಾರ್ ವಿಳಾಸ, ರೇಷನ್ ಕಾರ್ಡ್, ವೋಟು ಎಲ್ಲಾ ಊರಲ್ಲೇ ಇರಲಿ, ಆರು ತಿಂಗಳಿಗೆ ಏನನ್ನೂ ಬದಲಿಸೋ ಅಗತ್ಯವಿಲ್ಲ.

ಬೈಕ್ ಈಗ ಬೇಡ. ಹುಬ್ಬಳ್ಳಿ ಕಡೆಯಿಂದ ಬರೋ ರೈಲಿನಲ್ಲಿ ಯಶವಂತಪುರದಲ್ಲಿ ಇಳಿದರೆ ಅಲ್ಲೇ ಹಸಿರು ಮಾರ್ಗದ ಮೆಟ್ರೋ ಇದೆ. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ. 2025ರ ಆಗಸ್ಟ್‌ನಲ್ಲಿ ಶುರುವಾದ ಆ ಮಾರ್ಗ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ, ಕೋನಪ್ಪನ ಅಗ್ರಹಾರದ ಮೂಲಕ ಬೊಮ್ಮಸಂದ್ರದವರೆಗೆ ಹೋಗುತ್ತೆ. ಆಮೇಲೆ ಬೈಕ್ ಬೇಕೇಬೇಕು ಅನಿಸಿದರೆ ರೈಲಿನ ಪಾರ್ಸೆಲ್‌ನಲ್ಲಿ ಹಾಕಿಸಬಹುದು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ತಗೊಂಡು ಹೋಗಬೇಕು.

ಐದನೇ ತಿಂಗಳು ಹಿಡಿದ ತಕ್ಷಣ ಎಕ್ಸ್‌ಟೆನ್ಶನ್ ಇದೆಯಾ ಅಂತ ಮೇಲ್‌ನಲ್ಲಿ ಕೇಳಿ. ಲಿಖಿತ ಉತ್ತರ ಬರದಿದ್ದರೆ, ಆರನೇ ತಿಂಗಳ ಕೊನೆಗೆ ಖಾಲಿ ಮಾಡ್ತೀನಿ ಅಂತ ಅದೇ ವಾರ ಪಿಜಿಗೆ ನೋಟಿಸ್ ಕೊಡಿ. ಎಕ್ಸ್‌ಟೆನ್ಶನ್ ಆಮೇಲೆ ಬಂದರೆ ನೋಟಿಸ್ ವಾಪಸ್ ತಗೊಳ್ಳೋಕೆ ಪಿಜಿಯವರು ಸಾಮಾನ್ಯವಾಗಿ ಬೇಡ ಅನ್ನಲ್ಲ. ಕೊನೆಯ ದಿನದೊಳಗೆ ರಿಲೀವಿಂಗ್ ಲೆಟರ್, ಅನುಭವ ಪತ್ರ, ಎಲ್ಲಾ ತಿಂಗಳ ಪೇ ಸ್ಲಿಪ್ಪುಗಳನ್ನ ನಿಮ್ಮ ಸ್ವಂತ ಮೇಲ್‌ಗೆ ಹಾಕಿಸಿಕೊಳ್ಳಿ, ಕಂಪನಿ ಮೇಲ್ ಅವತ್ತೇ ಬಂದ್ ಆಗುತ್ತೆ. ಪಿಎಫ್‌ನಲ್ಲಿ ಬಿಟ್ಟ ದಿನಾಂಕವನ್ನ ಏಜೆನ್ಸಿ ಹಾಕದಿದ್ದರೆ, ಕೊನೆಯ ಕಂತು ಜಮಾ ಆಗಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಸಂಬಳದ ಖಾತೆಗೆ ಕೆಲವು ತಿಂಗಳು ಸಂಬಳ ಬರದೇ ಹೋದರೆ ಬ್ಯಾಂಕ್ ಅದನ್ನ ಸಾಮಾನ್ಯ ಉಳಿತಾಯ ಖಾತೆ ಮಾಡಿ ಕನಿಷ್ಠ ಬ್ಯಾಲೆನ್ಸ್ ಇಲ್ಲ ಅಂತ ದಂಡ ಹಾಕೋಕೆ ಶುರು ಮಾಡಬಹುದು. ಬೆಂಗಳೂರು ಬಿಡೋ ಮುಂಚೆ ಬ್ರಾಂಚಿಗೆ ಹೋಗಿ ಆ ಖಾತೆ ಮುಚ್ಚಿಸಿ, ಇಲ್ಲವೇ ಕನಿಷ್ಠ ಬ್ಯಾಲೆನ್ಸ್ ಬೇಡದ ಖಾತೆಗೆ ಬದಲಾಯಿಸಿಕೊಂಡು ಊರಿನ ಬಸ್ ಹತ್ತಿ.