ಕೊರಗಿಗೂ ಚಟಕ್ಕೂ ಏನು ನಂಟು?

ಕೊರಗು ಮತ್ತು ಚಟ ಒಂದನ್ನೊಂದು ಸಾಕುತ್ತವೆ. ಉತ್ತರ ಸಿಗದ ಒಂದೇ ಕಹಿ ಯೋಚನೆ ತಲೆಯಲ್ಲಿ ಸುತ್ತುತ್ತಲೇ ಇದ್ದರೆ ಮನಸ್ಸು ದಣಿಯುತ್ತದೆ. ಕುಡಿತವೋ ತಂಬಾಕಿನ ಕವಳವೋ ಅದನ್ನು ಸ್ವಲ್ಪ ಹೊತ್ತು ಮಸುಕಾಗಿಸುತ್ತದೆ. ಮಿದುಳು ಆ ಬಿಡುಗಡೆಯನ್ನೇ ನೆನಪಿಟ್ಟುಕೊಂಡು, ಮುಂದಿನ ಸಲ ಯೋಚನೆ ಶುರುವಾದೊಡನೆ ಅದನ್ನೇ ಬೇಡುತ್ತದೆ. ಚಟ ಬೇರೂರುವುದು ಹೆಚ್ಚಾಗಿ ಮೋಜಿನಿಂದಲ್ಲ, ಈ ತಾತ್ಕಾಲಿಕ ನೆಮ್ಮದಿಯಿಂದ.

ಕಾರವಾರದ ಬೈತಖೋಲ ಬಂದರನ್ನೇ ನೋಡಿ. ಜೂನ್–ಜುಲೈನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಲೆ ದುರಸ್ತಿಗೆ ಕೂತವನ ಕೈ ಗಂಟು ಹಾಕುತ್ತಿರುತ್ತದೆ, ತಲೆಯಲ್ಲಿ ಮಾತ್ರ ‘ಸಾಲ ನನ್ನಿಂದಲೇ ಆಯಿತು’ ಎಂಬ ಒಂದೇ ಮಾತು. ಸಂಜೆ ಎರಡು ಪೆಗ್ ಬಿದ್ದರೆ ಅದು ಸುಮ್ಮನಾಗುತ್ತದೆ. ಬೆಳಿಗ್ಗೆ ಸಾಲ ಹಾಗೇ ಇರುತ್ತದೆ, ಜೊತೆಗೆ ‘ಮತ್ತೆ ಕುಡಿದೆನಲ್ಲ’ ಎಂಬ ಹೊಸ ಕೊರಗು.

ಆದ್ದರಿಂದ ದಯವಿಟ್ಟು ಅಂಥವರನ್ನು ಹೀಯಾಳಿಸಬೇಡಿ. ಕೊರಗಿಗೆ ಅದೇ ಮೇವು. ಆಪ್ತಸಲಹೆಯಲ್ಲಿ ‘ಯಾಕೆ ಹೀಗಾಯಿತು’ ಎಂಬುದನ್ನು ‘ಇವತ್ತು ಏನು ಮಾಡಬಹುದು’ ಎಂಬುದಕ್ಕೆ ತಿರುಗಿಸುವುದನ್ನು ಕಲಿಸುತ್ತಾರೆ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ಬಿಡುವುದು ಅಪಾಯ, ವೈದ್ಯರನ್ನು ಕಂಡೇ ಬಿಡಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.